ಗ್ಲಾಸಿಗೊಂದು ಗಂಟು

ಮೇಷ್ಟ್ರು ತಾವು ಬರೆದ ಪುಸ್ತಕವನ್ನು ಬೈಂಡಿಂಗ್ ಅಂಗಡಿಯ ಉದ್ದ ಮೇಜಿನ ಮೇಲೆ, ಜ್ವರ ಬಂದ ಕೂಸನ್ನು ಡಾಕ್ಟರ ಮುಂದೆ ಮಲಗಿಸುವ ಹಾಗೆ ಮಲಗಿಸಿದರು.

"ಅರವತ್ನಾಲ್ಕನೇ ಪುಟದ ತನಕ ಏನೂ ತೊಂದರೆ ಇಲ್ಲ," ಅಂದರು. "ಅದರ ಮಗ್ಗುಲಿಗೆ ಬಂದು ಕೂತಿರೋದು ಎಂಬತ್ತು. ಅದೂ ತಲೆ ಕೆಳಗೆ, ಕಾಲು ಮೇಲೆ. ನನ್ನ ಷಡ್ಡಕ ಫೋನ್ ಮಾಡಿ, ಆ ಹದಿನಾರು ಪುಟ ಮಾತ್ರ ಓದಿಸ್ಕೊಂಡು ಹೋಗುತ್ತೆ ಅಂದ."

ಯಾರೂ ನಗಲಿಲ್ಲ. ನಗುವಂಥವನು ಒಬ್ಬನೇ ಇದ್ದ, ಕಾಗದ ಕತ್ತರಿಸುವ ಯಂತ್ರದ ಹತ್ತಿರ ನಿಂತಿದ್ದ ಕಟಿಂಗ್ ಮಾಮ. ಅವನೂ ಮುಖವನ್ನು ಬ್ಲೇಡಿನ ಕಡೆ ತಿರುಗಿಸಿಕೊಂಡ. ಅಂಗಡಿಯ ಯಜಮಾನ ತನ್ನ ಅಕ್ಕನನ್ನು ನೋಡಿದ. ಅಕ್ಕ ಹೊಲಿಗೆಯ ಚೌಕಟ್ಟಿನಿಂದ ಎದ್ದು ಬಂದಳು.

ಅವಳಿಗೆ ಅಲ್ಲಿ ದಾರದಕ್ಕ ಅಂತಲೇ ಹೆಸರು. ಮೂವತ್ತೊಂದು ವರ್ಷದಿಂದ ಆ ಅಂಗಡಿಯ ಪುಸ್ತಕಗಳನ್ನು ಹೊಲಿಯುತ್ತ ಬಂದವಳು. ದೊಡ್ಡ ಹಾಳೆಯನ್ನು ಮಡಿಸಿ ಮಡಿಸಿ ಹದಿನಾರು ಪುಟ ಮಾಡಿದ ಕಂತೆಗೆ ಅವರು ಫಾರ್ಮು ಅನ್ನುತ್ತಾರೆ. ಫಾರ್ಮಿನ ಮೇಲೆ ಫಾರ್ಮು ಇಟ್ಟು ಬೆನ್ನು ಹೊಲಿದರೆ ಪುಸ್ತಕ. ಅಕ್ಷರ ದಾರದಕ್ಕನಿಗೆ ಅಷ್ಟಕ್ಕಷ್ಟೆ. ಮೂರನೇ ತರಗತಿಯಲ್ಲಿ ಸ್ಲೇಟು ಒಡೆದಾಗ ಸ್ಕೂಲೂ ಮುಗಿದಿತ್ತು. ಆದರೆ ಅಂಕಿ ಗೊತ್ತಿತ್ತು. ಫಾರ್ಮು ಎತ್ತಿಕೊಂಡ ಕೂಡಲೇ ಪುಟದ ಅಂಕಿ ಕೆಳಗಡೆ ಇದೆಯಾ ಅಂತ ನೋಡುವುದು, ಆಮೇಲೆ ಸೂಜಿ ಚುಚ್ಚುವುದು. ಮೇಷ್ಟ್ರ ಪುಸ್ತಕ ಹೊಲಿದ ದಿನ ಮಾತ್ರ ಐದನೆಯ ಗುಡ್ಡೆಯನ್ನೇ ಮಗುಚಿ ಇಟ್ಟುಕೊಂಡು ನೂರಿಪ್ಪತ್ತು ಪುಸ್ತಕ ಹೊಲಿದುಬಿಟ್ಟಿದ್ದಳು. ಕೈ ಕೆಲಸ ಮಾಡಿತ್ತು, ಕಣ್ಣು ಅಲ್ಲಿರಲಿಲ್ಲ.

ಕಣ್ಣು ಎಲ್ಲಿತ್ತು ಅಂತ ಅವಳಿಗೆ ಗೊತ್ತಿತ್ತು. ಹಿಂದಿನ ಸಂಜೆಯ ಬ್ರಾಂದಿಯಲ್ಲಿ ಇನ್ನೂ ಈಜುತ್ತಿತ್ತು.

"ನನ್ನದೇ ತಪ್ಪು, ಮೇಷ್ಟ್ರೇ," ಅಂದಳು. "ಅಷ್ಟನ್ನೂ ಬಿಚ್ಚಿ ಹೊಲಿದುಕೊಡ್ತೀನಿ. ಹತ್ತು ದಿನ ಕೊಡಿ."

ಒಂಬತ್ತೇ ದಿನದಲ್ಲಿ ಮುಗಿಸಿದಳು. ಹೊಲಿಯುವುದಕ್ಕಿಂತ ಬಿಚ್ಚುವುದು ಕಷ್ಟ ಅನ್ನುವುದು ಆ ಕಸುಬಿನವರಿಗೆಲ್ಲ ಗೊತ್ತು. ಕಾಗದ ಹರಿಯಬಾರದು, ತೂತು ಹಿಗ್ಗಬಾರದು. ಬೆರಳ ತುದಿಯಲ್ಲಿ ಚರ್ಮ ಎದ್ದು ಬಂದರೂ ಒಬ್ಬರ ಹತ್ತಿರವೂ ಒಂದು ಕೈ ಹಾಕು ಅನ್ನಲಿಲ್ಲ.

ಹತ್ತನೆಯ ದಿನ ಹೆರಿಗೆ ಆಸ್ಪತ್ರೆಯ ಕಾಗದ ಬಂದಿಳಿಯಿತು. ಜನನ ಬರೆದಿಡುವ ದೊಡ್ಡ ರಿಜಿಸ್ಟರುಗಳು, ನಲವತ್ತು. ಅವನ್ನು ಯಂತ್ರದಲ್ಲಿ ಹೊಲಿದರೆ ನಡೆಯುವುದಿಲ್ಲ, ಕೈಹೊಲಿಗೆಯೇ ಆಗಬೇಕು. ದಾರದಕ್ಕ ದಾರಕ್ಕೆ ಮೇಣ ತೀಡುತ್ತ ಚೌಕಟ್ಟಿನ ಕಡೆ ನಡೆದಳು. ತಮ್ಮ ಅಡ್ಡ ನಿಂತ.

"ಅಕ್ಕ, ಅಲ್ಲಿ ಕೂರಬೇಡ."

"ಯಾಕೆ, ಸ್ಟೂಲಿನ ಮೊಳೆ ಎದ್ದಿದೆಯಾ?"

"ತಮಾಷೆ ಬೇಡ. ಇದು ಮೇಷ್ಟ್ರ ಕಥೆಪುಸ್ತಕ ಅಲ್ಲ. ಒಂದು ಸಲ ಹೆಸರು ಬರೆದ ಮೇಲೆ ಬಿಚ್ಚಿ ಹೊಲಿಯೋಕೆ ಆಗಲ್ಲ."

"ಅದನ್ನ ನಿನಗೆ ಹೇಳಿಕೊಟ್ಟವಳೇ ನಾನು."

"ಹಾಗಾದ್ರೆ ಅಮ್ಮನ ಮೇಲೆ ಆಣೆ ಇಡು. ಇನ್ನು ಒಂದು ತೊಟ್ಟೂ ಮುಟ್ಟಲ್ಲ ಅಂತ, ಎಲ್ಲರ ಮುಂದೆ. ಇಟ್ಟೆ ಅಂದ್ರೆ ಚೌಕಟ್ಟು ನಿಂದು. ಇಲ್ಲ ಅಂದ್ರೆ ಅಂಟಿನ ಮೇಜಿಗೆ ಹೋಗು."

ಹಾಳೆ ಮಡಿಸುವ ಹೆಂಗಸರ ಕೈ ನಿಂತವು. ಹೊಲಿಗೆಯವಳನ್ನು ಅಂಟಿನ ಮೇಜಿಗೆ ಕಳಿಸುವುದು ಅಂದರೆ ಅಡುಗೆಯವಳನ್ನು ಪಾತ್ರೆ ತೊಳೆಯಲು ಕೂರಿಸಿದ ಹಾಗೆ. ಆ ಚೌಕಟ್ಟು ನೋಡುವುದಕ್ಕೆ ಎರಡು ಗೂಟ, ಒಂದು ಅಡ್ಡಪಟ್ಟಿ, ಬಿಗಿದ ಮೂರು ನವಾರು, ಅಷ್ಟೆ. ಗಂಡ ಇದ್ದಾಗಲೂ ಸತ್ತಾಗಲೂ ಅವಳು ಬೆನ್ನು ನೆಟ್ಟಗೆ ಮಾಡಿ ಕೂತ ಜಾಗ ಅದೊಂದೇ.

"ಇಡಲ್ಲ," ಅಂದಳು.

"ಏನು?"

"ಆಣೆ ಇಡಲ್ಲ. ನಿನ್ನ ಭಾವ ಹನ್ನೊಂದು ಸಲ ಇಟ್ಟಿದ್ದರು. ನನ್ನ ಮೇಲೆ, ಮಗಳ ಮೇಲೆ, ಅನ್ನದ ಮೇಲೆ. ಆಣೆ ಮುರಿದ ದಿನ, ಹೇಗೂ ಮುರೀತಲ್ಲ ಅಂತ ನಾಲ್ಕು ದಿನದ್ದು ಒಂದೇ ದಿನ ಕುಡೀತಿದ್ದರು. ಅವರನ್ನ ಕುಡಿತ ಅರ್ಧ ಕೊಂದಿತು, ಉಳಿದರ್ಧ ಆಣೆ ಕೊಂದಿತು. ನಾನು ಕಡಿಮೆ ಮಾಡ್ತೀನಿ. ಅಳತೆ ಇಟ್ಟು ಕುಡೀತೀನಿ. ಅದು ನನ್ನ ಮಾತು."

"ಕಡಿಮೆ ಮಾಡ್ತೀನಿ ಅನ್ನೋದು ಕುಡಿಯೋರ ಮೊದಲನೇ ಸುಳ್ಳು, ಅಕ್ಕ."

"ಬಿಟ್ಟೆ ಅನ್ನೋದು ಕೊನೇ ಸುಳ್ಳು."

ತಮ್ಮ ಚೌಕಟ್ಟಿನ ಗೂಟ ಹಿಡಿದುಕೊಂಡ. "ಭಾವನ್ನ ನಾಲ್ಕು ಸಲ ರಸ್ತೆಯಿಂದ ಎತ್ಕೊಂಡು ಬಂದವನು ನಾನು. ನಿನ್ನನ್ನೂ ಎತ್ತೋಕೆ ನನ್ನ ಕೈಲಿ ಆಗಲ್ಲ."

"ನೀನು ಎತ್ತಿದ್ದು ನಾಲ್ಕು ಸಲ. ನಾನು ಒರೆಸಿದ್ದು ಹದಿನೆಂಟು ವರ್ಷ. ಕುಡಿತ ಏನು ಅಂತ ನನಗೆ ಪಾಠ ಮಾಡಬೇಡ." ಆಮೇಲೆ ಮಾಮನ ಕಡೆ ಕೈ ತೋರಿಸಿದಳು. "ಇವರು ನನ್ನ ಜೊತೆ ಕೂತು ನನಗಿಂತ ಎರಡು ಜಾಸ್ತಿ ಹಾಕ್ತಾರೆ. ಅವರ ಕೈಲಿರೋದು ಬ್ಲೇಡು, ನನ್ನ ಕೈಲಿರೋದು ಸೂಜಿ. ಬ್ಲೇಡಿಗೆ ಆಣೆ ಇಲ್ಲ, ಸೂಜಿಗೆ ಮಾತ್ರ ಯಾಕೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಮಾಮ ತನ್ನ ಹತ್ತು ಬೆರಳನ್ನೂ ನೋಡಿಕೊಂಡ. "ನಾನೇನ್ ಮಾಡಿದೆನಪ್ಪ ಮಧ್ಯದಲ್ಲಿ?"

"ಮಾಮಂದು ಬೇರೆ," ಅಂದ ತಮ್ಮ. ಹೇಗೆ ಬೇರೆ ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅಲ್ಲಿದ್ದ ಅಷ್ಟು ಹೆಂಗಸರಿಗೂ ತಿಳಿಯಿತು.

ದಾರದಕ್ಕ ಸೂಜಿಯನ್ನು ಮೇಣದ ಉಂಡೆಗೆ ಚುಚ್ಚಿಟ್ಟು ಅಂಟಿನ ಮೇಜಿಗೆ ಹೋಗಿ ಕುಂಚ ಎತ್ತಿಕೊಂಡಳು.

ಅವಳು ಕುಡಿಯಲು ಶುರು ಮಾಡಿದ ಕಥೆ ದೊಡ್ಡದೇನಲ್ಲ. ಗಂಡ ಸತ್ತ ಹದಿನೈದು ದಿನಕ್ಕೆ ಬೀರುವಿನ ಹಿಂದೆ ಅರ್ಧ ಬಾಟಲಿ ಸಿಕ್ಕಿತು. ಚರಂಡಿಗೆ ಸುರಿಯಲು ಹೋದವಳು ಹಾಗೇ ನಿಂತಳು. ಹೆಂಡತಿ ಮಗಳಿಗಿಂತ ಹೆಚ್ಚಾಗಿದ್ದದ್ದು ಇದರಲ್ಲಿ ಏನಿದೆಯೋ ನೋಡಿಯೇ ಬಿಡೋಣ ಅಂತ ಸಿಟ್ಟಿಗೆ ಒಂದು ಗುಟುಕು ಕುಡಿದಳು. ಸುಟ್ಟಿತು. ಆಮೇಲೆ ಬೆಚ್ಚಗಾಯಿತು. ಅವಳಿಗೆ ಇಷ್ಟವಾಯಿತು, ಸತ್ಯ ಹೇಳಬೇಕಲ್ಲ. ಮಗಳು ಮದುವೆಯಾಗಿ ಬೇರೆ ಊರು ಸೇರಿದ ಮೇಲೆ ಮಹಡಿಯಲ್ಲಿದ್ದ ಕಟಿಂಗ್ ಮಾಮ ಸಂಜೆ ಆರಕ್ಕೆ ಬಾಟಲಿ ಹಿಡಿದು ಇಳಿಯುವುದು ಅಭ್ಯಾಸವಾಯಿತು.

ಚೌಕಟ್ಟು ಕಳೆದುಕೊಂಡ ಸಂಜೆಯೂ ಇಳಿದ.

"ಏ ದಾರದಕ್ಕ, ಬೇಜಾರ್ ಮಾಡ್ಕೋಬೇಡ. ಗ್ಲಾಸ್ ತಾ."

ತಂದಳು. ಅವನು ಸುರಿದ. ಅವಳು ಎರಡು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟಳು. ಮಾಮ ಮಾತಾಡುತ್ತ ಮಾತಾಡುತ್ತ ಬಾಟಲಿ ಬಗ್ಗಿಸಿ ಅದನ್ನು ಮತ್ತೆ ಕಂಠದ ತನಕ ತುಂಬಿಸಿದ. ಅವಳು ಆ ಕೈಯನ್ನೇ ನೋಡಿದಳು. ಆರು ವರ್ಷದಿಂದ ಆ ಕೈ ಹೀಗೇ ಬಗ್ಗುತ್ತಿತ್ತು, ಅವಳು ಇವತ್ತು ನೋಡಿದಳು.

"ಮಾಮ, ಇದು ಎಷ್ಟನೇದು?"

"ಮೊದಲನೇದು ಅನ್ಕೋ, ಖಾಲಿ ಎಲ್ಲಾಯ್ತು?"

ಅದೇ ಅವಳಿಗೆ ತಟ್ಟಿದ್ದು. ಖಾಲಿ ಎಲ್ಲಾಯಿತು? ಆರು ವರ್ಷದಲ್ಲಿ ಮೊದಲ ಗ್ಲಾಸಿನ ತಳ ಅವಳು ಕಂಡಿದ್ದೇ ಇಲ್ಲ. ಒಂದು ಮುಗಿಯದೆ ಇನ್ನೊಂದು ಶುರುವಾದರೆ ಎಣಿಸುವುದು ಏನನ್ನು? ಫಾರ್ಮು ಹೊಲಿಯುವಾಗ ಒಂದರ ಕೊನೆಗೆ ಬಂದರೆ ಸೂಜಿಯನ್ನು ಕೆಳಗಿನದರ ದಾರಕ್ಕೆ ತೂರಿಸಿ ಗಂಟು ಹಾಕಬೇಕು. ಗಂಟು ಹಾಕಿದ ಮೇಲೇ ಮುಂದಿನ ಫಾರ್ಮು ಎತ್ತಿಕೊಳ್ಳಬೇಕು. ಗಂಟಿಲ್ಲದೆ ಎಷ್ಟು ಫಾರ್ಮು ಹೊಲಿದರೂ ಅದು ಪುಸ್ತಕವಲ್ಲ, ಎತ್ತಿದರೆ ಉದುರುವ ರಾಶಿ. ಅವಳು ಆರು ವರ್ಷ ಗಂಟಿಲ್ಲದೆ ಕುಡಿದಿದ್ದಳು.

ಗ್ಲಾಸಿನ ಮೇಲೆ ಅಂಗೈ ಮುಚ್ಚಿದಳು. "ಇನ್ನು ನನ್ನ ಗ್ಲಾಸಿಗೆ ನಾನೇ ಹಾಕ್ಕೋತೀನಿ. ಖಾಲಿ ಆದ ಮೇಲೆ. ಬೇಕು ಅನ್ನಿಸಿದ್ರೆ."

"ಅಯ್ಯೋ, ಒಂದು ಗ್ಲಾಸ್ ಜಾಸ್ತಿ ಆದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?"

"ಅಪ್ಪನ ಗಂಟಲ್ಲ ಮಾಮ. ನನ್ನ ಗಂಟು."

ಮಾಮನಿಗೆ ಅರ್ಥವಾಗಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ.

ನಾಳೆಯಿಂದ ಅಂತ ಮುಂದಕ್ಕೆ ಹಾಕದೆ ಆ ಸಂಜೆಯೇ ಹಿಡಿದಳು. ಗ್ಲಾಸು ಖಾಲಿಯಾದ ಮೇಲೆ ಎದ್ದು ಅದನ್ನು ತೊಳೆದು, ಒರೆಸಿ, ಹಲಗೆಯ ಮೇಲೆ ಬೋರಲು ಇಟ್ಟಳು. ಒಂದು ಚೊಂಬು ನೀರು ಕುಡಿದಳು. ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆಯ ಲೈಟುಕಂಬ ಮುಟ್ಟಿ ಬಂದಳು. ಅದು ಗಂಟು. ಬಂದ ಮೇಲೂ ಬೇಕು ಅನ್ನಿಸಿದರೆ ಇನ್ನೊಂದು. ಮೂರನೆಯದು ಇಲ್ಲ. ವಾರದಲ್ಲಿ ಮೂರು ಸಂಜೆ ಗ್ಲಾಸು ಹಲಗೆಯಿಂದ ಇಳಿಯುವುದೇ ಇಲ್ಲ.

ಹೇಳಿದಷ್ಟು ಸುಲಭವೇ? ಮೊದಲ ವಾರ ಆರು ಗಂಟೆಯಾದರೆ ನಾಲಗೆ ತನ್ನಷ್ಟಕ್ಕೆ ತಾನೇ ಹಲ್ಲು ತಡವುತ್ತಿತ್ತು. ಕುಡಿಯದ ಸಂಜೆಗಳಲ್ಲಿ ಗೋಡೆ ಗಡಿಯಾರದ ಮೇಲೆ ಕೋಪ ಬರುತ್ತಿತ್ತು. ಒಂದು ದಿನ ನಾಲ್ಕು ಸಲ ಕಂಬ ಮುಟ್ಟಿ ಬಂದಳು. ಎದುರುಮನೆಯಾಕೆ ಕಿಟಕಿಯಿಂದ, "ಏನ್ ಕಳ್ಕೊಂಡ್ರಿ ಅಕ್ಕಾ? ನಾನೂ ಬಂದು ಹುಡುಕ್ಲಾ?" ಅಂದಳು. "ಕಳ್ಕೊಂಡಿದ್ದಲ್ಲಮ್ಮ, ಕಳೀತಾ ಇದೀನಿ," ಅಂದಳು ದಾರದಕ್ಕ.

ನಿಧಾನವಾಗಿ ಕುಡಿದಾಗ ಅವಳಿಗೆ ಒಂದು ವಿಷಯ ತಿಳಿಯಿತು. ಮೊದಲ ಮೂರು ನಾಲ್ಕು ಗುಟುಕು ನಾಲಗೆಗೆ. ಬಿಸಿ, ಸುಟ್ಟ ಸಕ್ಕರೆಯಂಥ ಒಗರು, ಮೂಗಿನ ಹಿಂದೆ ಹಳೆ ಮರದ ವಾಸನೆ. ಅಲ್ಲಿಂದಾಚೆಗೆ ಬರೀ ಗಂಟಲಿಗೆ. ಇಷ್ಟು ವರ್ಷ ನಾಲಗೆಗೆ ಒಂದು ಪಾಲು, ಗಂಟಲಿಗೆ ಒಂಬತ್ತು ಪಾಲು ಹಾಕುತ್ತಿದ್ದೆನಲ್ಲ ಅಂತ ಅವಳಿಗೇ ನಗು ಬಂತು. ಮೊದಲ ಗುಟುಕಿಗೆ ಮುಂಚೆ ಗ್ಲಾಸು ಹಿಡಿದುಕೊಂಡು ಒಂದು ಮಾತು ಕೇಳಿಕೊಳ್ಳತೊಡಗಿದಳು: ಇದು ರುಚಿಗೋ, ಸಿಟ್ಟಿಗೋ? ಸಿಟ್ಟಿಗೆ ಅನ್ನಿಸಿದ ದಿನ ಗ್ಲಾಸು ಹಲಗೆಗೆ ವಾಪಸು.

ಮಾಮ ಒಂದು ವಾರ ನೋಡಿದ. "ಒಂದು ಗ್ಲಾಸಿಗೆ ಕುಡಿಯೋದು ಅಂತಾರಾ? ಬಾಯಿ ಮುಕ್ಕಳಿಸೋದು ಅಂತಾರೆ. ಕುಡಿದ್ರೆ ಕುಡಿ, ಬಿಟ್ರೆ ಬಿಡು. ಇದ್ಯಾವ ಎಡಬಿಡಂಗಿ?"

"ನಮ್ಮ ತಮ್ಮನೂ ಇದನ್ನೇ ಹೇಳ್ತಾನೆ. ನೀವಿಬ್ಬರೂ ಒಂದೇ ಪಾರ್ಟಿ, ನಿಮಗೇ ಗೊತ್ತಿಲ್ಲ."

ಮಾಮ ಬಾಟಲಿ ಬಗಲಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದ. ಎರಡು ದಿನ ಬಿಟ್ಟು ಮತ್ತೆ ಇಳಿದ. ಅವಳ ಗ್ಲಾಸಿನ ಕಡೆ ಮಾತ್ರ ಬಾಟಲಿ ಬಗ್ಗಿಸಲಿಲ್ಲ.

ಐದನೇ ವಾರ ಅವಳು ಜಾರಿದಳು. ತಮ್ಮ ಅವಳ ಮಗಳಿಗೆ ಸುದ್ದಿ ಮುಟ್ಟಿಸಿದ್ದ. ಮಗಳು ಫೋನಿನಲ್ಲಿ, "ಮಾವ ಎಲ್ಲಾ ಹೇಳಿದ್ರು. ನೀನೂ ಅಪ್ಪನ ದಾರಿ ಹಿಡಿದೆಯಲ್ಲಮ್ಮ," ಅಂದಿದ್ದಳು. ಅದು ಸಿಟ್ಟಿನ ಗ್ಲಾಸು ಅಂತ ಗೊತ್ತಿದ್ದೂ ಇಳಿಸಿದಳು. ನಾಲ್ಕಾಯಿತು. ತೊಳೆಯಲಿಲ್ಲ, ಕಂಬ ಮುಟ್ಟಲಿಲ್ಲ. ಬೆಳಿಗ್ಗೆ ತಲೆ ಕಲ್ಲಾಗಿತ್ತು. ಅಂಗಡಿ ಬಾಗಿಲು ತೆಗೆಯುತ್ತಿದ್ದ ತಮ್ಮನ ಮುಂದೆ ಹೋಗಿ ನಿಂತಳು.

"ನಿನ್ನೆ ನಾಲ್ಕು ಕುಡಿದೆ. ಬೇರೆಯವರಿಂದ ಕೇಳೋದು ಬೇಡ ಅಂತ ಹೇಳ್ತಿದೀನಿ."

"ನೋಡಿದ್ಯಾ? ಮುರೀತು."

"ಏನು ಮುರೀತು? ಮುರಿಯೋಕೆ ನಾನು ಆಣೆ ಇಟ್ಟಿದ್ರೆ ತಾನೆ? ಹೊಲಿಗೆ ತಪ್ಪಿತು. ತಪ್ಪಿದ ಕಡೆಗೆ ಬಿಚ್ಚಿ ಹೊಲೀತೀನಿ. ಭಾವ ಆಗಿದ್ರೆ ಇವತ್ತೂ ನಾಳೆನೂ ಕುಡೀತಿದ್ರು. ನಾನು ಇವತ್ತೂ ಕುಡಿಯಲ್ಲ, ನಾಳೆನೂ ಕುಡಿಯಲ್ಲ. ನಾಡಿದ್ದು ಒಂದು ಕುಡೀತೀನಿ. ಅದನ್ನೂ ಬಂದು ಹೇಳ್ತೀನಿ ಬೇಕಾದ್ರೆ."

ತಮ್ಮ ಶಟರು ಎತ್ತಿದ. ಅವನ ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಊದಿದ್ದವು.

ಯಾಕೆ ಅಂದರೆ ಅಕ್ಕನನ್ನು ಎಬ್ಬಿಸಿದ ಜಾಗದಲ್ಲಿ ಅವನೇ ಕೂತಿದ್ದ. ಬೇರೆಯವರನ್ನು ಕೂರಿಸಲು ಮನಸ್ಸು ಒಪ್ಪಲಿಲ್ಲ ಅಂತ ಕಾಣುತ್ತದೆ. ಹೊಲಿಗೆ ಅವನಿಗೆ ಬರುತ್ತಿತ್ತು, ಅಕ್ಕನೇ ಕಲಿಸಿದ್ದು. ಆದರೆ ಅವನ ಮನಸ್ಸಿನಲ್ಲಿದ್ದ ಭಯವೆಲ್ಲ ದಾರಕ್ಕೆ ಇಳಿದಿತ್ತು. ಎಲ್ಲಿ ಸಡಿಲವಾಗುತ್ತದೋ ಅಂತ ಒಂದೊಂದು ಎಳೆಯನ್ನೂ ಜಗ್ಗಿ ಜಗ್ಗಿ ಬಿಗಿದ. ಐದು ವಾರದಲ್ಲಿ ಹದಿನಾಲ್ಕು ರಿಜಿಸ್ಟರು ಮುಗಿದವು. ನೋಡಿದರೆ ಇಟ್ಟಿಗೆಯ ಹಾಗೆ ಗಟ್ಟಿ. ಮೊದಲನೆಯದನ್ನು ಆಸ್ಪತ್ರೆಗೆ ಕಳಿಸಿ, ಉಳಿದವನ್ನು ಕಪಾಟಿನಲ್ಲಿಟ್ಟಿದ್ದ.

ಆಸ್ಪತ್ರೆಯ ದಾಖಲೆ ವಿಭಾಗದ ಗುಮಾಸ್ತೆ ಆ ಮಧ್ಯಾಹ್ನವೇ ಅದನ್ನು ಎತ್ತಿಕೊಂಡು ಬಂದಳು. ಮೇಜಿನ ಮೇಲೆ ನಡುವಿಗೆ ತೆರೆದು ಕೈ ಬಿಟ್ಟಳು. ರಿಜಿಸ್ಟರು ಇಲಿಬೋನಿನ ಹಾಗೆ ಟಪ್ಪನೆ ಮುಚ್ಚಿಕೊಂಡಿತು.

"ಬರೆಯೋಕೆ ಒಂದು ಕೈ, ಹಿಡ್ಕೊಳ್ಳೋಕೆ ಎರಡು ಕೈ. ನನಗಿರೋದು ಎಷ್ಟು ಕೈ ಸ್ವಾಮಿ? ನಿನ್ನೆ ಅವಳಿ ಮಕ್ಕಳ ಹೆಸರು ಬರೆಯೋವಾಗ ಎರಡನೇದರ ಮೇಲೆ ಮುಚ್ಕೊಂಡು ಶಾಯಿ ಕಲೆಸಿಹೋಯ್ತು. ನೀವು ಮುಂಚೆ ಕೊಟ್ಟಿದ್ದ ರಿಜಿಸ್ಟರು ಬಿಟ್ಟ ಕಡೆ ಬಿಟ್ಟಂಗೆ ಬಿದ್ಕೊಳ್ತಿದ್ವು. ಅವನ್ನ ಹೊಲಿದೋರು ಸತ್ತುಹೋದ್ರಾ?"

"ಇಲ್ಲೇ ಇದೀನಮ್ಮ," ಅಂದಳು ದಾರದಕ್ಕ ಅಂಟಿನ ಮೇಜಿನಿಂದ.

ಗುಮಾಸ್ತೆ ಹೋದ ಮೇಲೆ ತಮ್ಮ ಅಕ್ಕನನ್ನು ಕಾಗದದ ಗೋದಾಮಿಗೆ ಕರೆದ. ರೀಮುಗಳ ನಡುವೆ ಇಬ್ಬರು ನಿಲ್ಲುವಷ್ಟೇ ಜಾಗ. ದನಿ ತಗ್ಗಿಸಿದ.

"ಅಕ್ಕ, ಜಗಳ ಸಾಕು. ಅವತ್ತು ಎಲ್ಲರ ಮುಂದೆ ಆಡಿಬಿಟ್ಟಿದೀನಿ, ನನ್ನ ಮಾತೂ ಉಳೀಬೇಕು. ನೀನು ಹೊರಗೆ ಬಂದು ಒಂದೇ ಒಂದು ಮಾತು ಹೇಳು, ಬಿಟ್ಟಿದೀನಿ ಅಂತ. ಆಮೇಲೆ ಮನೇಲಿ ನೀನುಂಟು, ನಿನ್ನ ಗ್ಲಾಸುಂಟು. ನಾನು ಕೇಳೋಕೆ ಬರಲ್ಲ. ಇವತ್ತೇ ಚೌಕಟ್ಟಿಗೆ ಕೂತ್ಕೋ."

ದಾರದಕ್ಕ ಗೋದಾಮಿನ ಬಾಗಿಲ ಕಡೆ ನೋಡಿದಳು. ಎಷ್ಟು ಚಿಕ್ಕ ಮಾತು! ಹೊಸಿಲು ದಾಟಿ ಒಂದು ಉಸಿರಿನಲ್ಲಿ ಹೇಳಿಬಿಟ್ಟರೆ ಮೂವತ್ತೊಂದು ವರ್ಷದ ಜಾಗ ಕೈಗೆ ಬರುತ್ತದೆ. ತಮ್ಮನ ಮುಖವೂ ಉಳಿಯುತ್ತದೆ. ಮಗಳಿಗೂ ಸುದ್ದಿ ಹೋಗುತ್ತದೆ. ಆಮೇಲೆ ಸಂಜೆ ಆರಕ್ಕೆ ಕಿಟಕಿ ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿ, ಬಾಟಲಿಯನ್ನು ಬೀರುವಿನ ಹಿಂದೆ ಇಡಬೇಕು. ಬೀರುವಿನ ಹಿಂದೆ ಅನ್ನುವುದು ನೆನಪಾದಾಗ ಅವಳ ಬೆನ್ನು ನೆಟ್ಟಗಾಯಿತು.

"ಕದ್ದು ಕುಡಿ ಅಂತೀಯ?"

"ನಾನು ಹಾಗೆ ಅಂದೆನಾ?"

"ಬೆಳಕಲ್ಲಿ ಒಂದು ಗ್ಲಾಸು ಕುಡಿದ್ರೆ ಅದು ಒಂದೇ ಇರುತ್ತೆ ಕಣೋ. ಬೀರುವಿನ ಹಿಂದೆ ಹೋದ್ರೆ ಅದಕ್ಕೆ ತಳ ಇರಲ್ಲ. ನಿನ್ನ ಮರ್ಯಾದೆಗೆ ನಾನು ಆ ಸುಳ್ಳು ಹೇಳಿದ ದಿನವೇ ನಾನು ನಿನ್ನ ಭಾವ ಆದೆ ಅಂತ ತಿಳ್ಕೋ."

ಹೊರಗೆ ಬಂದಳು. ನೇರವಾಗಿ ಚೌಕಟ್ಟಿಗೆ ಹೋಗಿ ಸ್ಟೂಲು ಎಳೆದುಕೊಂಡು ಕೂತಳು. ತಮ್ಮ ಹಿಂದೆಯೇ ಬಂದ. ಹೆಂಗಸರ ಕೈ ಮತ್ತೆ ನಿಂತವು, ಮಾಮ ಯಂತ್ರದ ಸ್ವಿಚ್ಚು ಆರಿಸಿದ.

"ಎಲ್ಲರೂ ಇದೀರಲ್ಲ, ಒಳ್ಳೇದಾಯ್ತು," ಅಂದಳು ದಾರದಕ್ಕ. "ನಾನು ಬಿಟ್ಟಿಲ್ಲ. ಮೊದಲು ದಿನಾ ಐದಾರು ಕುಡೀತಿದ್ದೆ, ಲೆಕ್ಕ ನನಗೇ ಗೊತ್ತಿರಲಿಲ್ಲ. ಈಗ ವಾರದಲ್ಲಿ ನಾಲ್ಕು ಸಂಜೆ, ಒಂದು, ಬಹಳ ಆದ್ರೆ ಎರಡು. ನಿನ್ನೆ ನಾಲ್ಕಾಯ್ತು, ಅದಕ್ಕೆ ಈಗ ತಲೆ ಸಿಡೀತಿದೆ. ಹಾಗಾಗಿ ಇವತ್ತು ಹೊಸದು ಹೊಲಿಯಲ್ಲ. ಇವನು ಬಿಗಿದಿರೋ ಹದಿನಾಲ್ಕರಲ್ಲಿ ಬರೆಯದೆ ಇರೋ ಹದಿಮೂರನ್ನ ಬಿಚ್ಚುತೀನಿ. ನಾಳೆಯಿಂದ ಹೊಲೀತೀನಿ. ಒಂದೊಂದು ಫಾರ್ಮಿನ ಅಂಕಿನೂ ಇವನೇ ನೋಡಲಿ. ಒಂದು ತಪ್ಪಿದ್ರೂ ನಾನೇ ಎದ್ದು ಹೋಗ್ತೀನಿ, ಯಾರೂ ಎಬ್ಬಿಸಬೇಕಾಗಿಲ್ಲ. ಆಣೆಗೀಣೆ ಕೇಳಬೇಡಿ."

ಕಟಿಂಗ್ ಮಾಮ ಯಂತ್ರ ಬಿಟ್ಟು ಮುಂದೆ ಬಂದ. "ನನ್ನನ್ನೂ ಯಾರಾದ್ರೂ ಕೇಳಿ ಮತ್ತೆ. ಬ್ಲೇಡು ಹಿಡಿಯೋನು ನಾನು." ಮಡಿಸುವ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಮಾಮ ನಗಲಿಲ್ಲ. ಅವನು ನಿಜವಾಗಿಯೇ ಕೇಳಿದ್ದ.

ತಮ್ಮ ಏಳು ಅನ್ನಲಿಲ್ಲ, ಕೂರು ಅಂತಲೂ ಅನ್ನಲಿಲ್ಲ. ಕಪಾಟಿನಿಂದ ರಿಜಿಸ್ಟರುಗಳನ್ನು ಒಂದೊಂದಾಗಿ ತಂದು ಅವಳ ಎಡಗಡೆ ಪೇರಿಸಿದ. ಅವಳು ಬಿಚ್ಚತೊಡಗಿದಳು. ಅವನ ಬಿಗಿ ಎಷ್ಟಿತ್ತು ಅಂದರೆ ಮೊದಲ ಎಳೆಗೆ ಚಾಕು ತಾಗಿಸಿದ ಕೂಡಲೇ ಫಾರ್ಮುಗಳೆಲ್ಲ ಉಸಿರು ಬಿಟ್ಟ ಹಾಗೆ ಹಿಗ್ಗಿದವು.

ಮಾರನೆಯ ದಿನ ಹೊಲಿದಳು. ತಮ್ಮ ಎದುರಿಗೆ ಕುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ, ಇಪ್ಪತ್ತು ಫಾರ್ಮಿನ ಅಂಕಿಯನ್ನೂ ಬೆರಳಿಟ್ಟು ನೋಡಿದ. ಮುಗಿದ ಮೇಲೆ ನಡುವಿಗೆ ತೆರೆದು ಕೈ ಬಿಟ್ಟ. ರಿಜಿಸ್ಟರು ಹಾಗೇ ಅಂಗಾತ ಬಿದ್ದುಕೊಂಡಿತು. ಮೊದಲ ಪುಟಕ್ಕೆ ತೆರೆದ, ಅಲ್ಲೂ ಹಾಗೆ. ಕೊನೆಯ ಪುಟಕ್ಕೆ ತೆರೆದ. ತಪ್ಪು ಸಿಗಲಿಲ್ಲ ಅಂತ ಸಮಾಧಾನವೋ ಸಿಟ್ಟೋ, ಅವನ ಮುಖದಲ್ಲಿ ಎರಡೂ ಇತ್ತು.

"ಸರಿ. ಇವತ್ತು ಸರಿ ಇದೆ," ಅಂದ. "ನಾಳೆ ತಪ್ಪಿದ್ರೆ?"

"ನಾಳೆ ತಪ್ಪಿದ್ರೆ ನಾಳೆ ಬೈ. ಇವತ್ತಿನ ಬೈಗುಳ ಮುಗೀತು." ದಾರದಕ್ಕ ಖಾಲಿ ರೀಲನ್ನು ಅವನ ಕೈಗಿಟ್ಟಳು. "ದಾರ ತಾ. ಮುವ್ವತ್ತೆಂಟು ಬಾಕಿ ಇದೆ."